ಹೆಬ್ಬಾವು ಹೆದರಿದಾಗ

ಧಪ್ಪೆಂದು ಬ್ಯಾಗು ಕಬ್ಬಿಣದ ಕಪಾಟಿನ ಮೇಲೆ ಬಿತ್ತು. ಗಾಜಿನ ಪೆಟ್ಟಿಗೆಗಳೆಲ್ಲ ಒಮ್ಮೆ ನಡುಗಿದವು.

"ಗುಬ್ಬಿ, ಬ್ಯಾಗು ಹೊರಗಡೆ ಇಡು ಅಂತ ಎಷ್ಟು ಸಲ ಹೇಳಿದೀನಿ?"

ಅಮ್ಮ ದನಿ ಏರಿಸಲಿಲ್ಲ. ಅಪ್ಪ ತೀರಿಹೋದ ಮೇಲೆ ಅಮ್ಮನ ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಅಮ್ಮನ ಕೆಲಸ ಹಾವುಗಳ ಲ್ಯಾಬಿನಲ್ಲಿ. ಸ್ಕೂಲು ಬಿಟ್ಟ ಮೇಲೆ ಗುಬ್ಬಿ ಬರುವುದೂ ಇಲ್ಲಿಗೇ. ಇಲ್ಲಿ ಓಡಬಾರದು, ಬಾಗಿಲು ಬಡಿಯಬಾರದು. ಸಣ್ಣ ಅದುರಾಟವನ್ನೂ ಹಾವುಗಳು ಮೈಯಿಂದಲೇ ಹಿಡಿಯುತ್ತವೆ. ಇದೆಲ್ಲ ಅವಳಿಗೆ ಬಾಯಿಪಾಠ. ಆದರೂ ಇವತ್ತು ಬೇಕೆಂದೇ ಬ್ಯಾಗು ಕುಕ್ಕಿದ್ದಳು.

ಬೆಳಿಗ್ಗೆ ಮೆಟ್ಟಿಲ ಬಳಿ ಕೆಳಗಿನ ಮನೆಯ ಆಂಟಿ ಯಾರಿಗೋ ಹೇಳುತ್ತಿದ್ದರು. "ಗಂಡ ಹೋಗಿ ತಿಂಗಳಾಗಿಲ್ಲ, ಆಗ್ಲೇ ಹಾವು ನೋಡ್ಕೊಳ್ಳಕ್ಕೆ ಹೊರಟ್ಳು. ಕಣ್ಣಲ್ಲಿ ಒಂದು ಹನಿ ನೀರು ಬರ್ಲಿಲ್ಲ. ಕಲ್ಲು ಮನಸ್ಸು."

ಆ ಮಾತು ದಿನವಿಡೀ ಗುಬ್ಬಿಯ ಕಿವಿಯಲ್ಲೇ ಕೂತಿತ್ತು. ಅಮ್ಮ ಅತ್ತದ್ದನ್ನು ಅವಳೂ ನೋಡಿರಲಿಲ್ಲ. ಅಮ್ಮನಿಗೆ ಅಪ್ಪ ನೆನಪಾಗುವುದೇ ಇಲ್ಲವೇ?

"ಇಲ್ಲಿ ನೋಡು," ಅಮ್ಮ ಕಂಪ್ಯೂಟರಿನ ಕಡೆ ಬೆರಳು ತೋರಿದರು. ಮೇಲಿದ್ದ ಹಸಿರು ಗೆರೆ ಸರ್ರನೆ ಕೆಳಗಿಳಿಯುತ್ತಿತ್ತು.

ಅದು ಸೋಂಬೇರಿಯ ಗೆರೆ. ಸೋಂಬೇರಿ ಎಂದರೆ ಮೂಲೆಯ ಪೆಟ್ಟಿಗೆಯ ಹೆಬ್ಬಾವು. ಹೆಸರಿಟ್ಟವರು ಲ್ಯಾಬಿನ ಅಂಕಲ್. "ನಿಂಗಿಂತ ಇದೇ ವಾಸಿ ಕಣಮ್ಮ. ಹೋಮ್‌ವರ್ಕ್ ಆಯ್ತಾ ಅಂದ್ರೆ ಬುಸ್ ಅನ್ನಲ್ಲ," ಎಂದು ಗುಬ್ಬಿಯನ್ನು ರೇಗಿಸುತ್ತಿದ್ದರು. ಹಾವಿನ ಮೈಯೊಳಗೆ, ಕರುಳಿಗೆ ಹೋಗುವ ರಕ್ತನಾಳದ ಸುತ್ತ, ರಕ್ತ ಎಷ್ಟು ಹರಿಯುತ್ತಿದೆ ಎಂದು ಅಳೆಯುವ ಪುಟ್ಟದೊಂದು ಉಂಗುರವಿತ್ತು. ಅದರ ತಂತಿ ಕಂಪ್ಯೂಟರಿಗೆ ಬಂದಿತ್ತು.

"ಏನಾಯ್ತು ಅದಕ್ಕೆ?"

"ನಿನ್ನೆ ತಿಂದಿದೆ. ತಿಂದಾಗ ಹಾರ್ಮೋನುಗಳು ರಕ್ತದಲ್ಲಿ ಹೋಗಿ, ಇಲ್ಲಿ ಕೆಲಸ ಇದೆ, ಅಗಲ ಆಗಿ ಅಂತ ಕರುಳಿನ ನಾಳಗಳಿಗೆ ಹೇಳ್ತವೆ. ಹೆದರಿದ್ರೆ ಬೇರೆ ಹಾರ್ಮೋನು ಬರತ್ತೆ. ಅದು ಆ ನಾಳಗಳನ್ನ ಬಿಗಿ ಮಾಡತ್ತೆ."

"ಯಾಕೆ?"

"ಹೃದಯಕ್ಕೆ, ಮಿದುಳಿಗೆ ರಕ್ತ ಉಳೀಬೇಕಲ್ಲ. ಮೊದ್ಲು ಬದುಕ್ಕೋಬೇಕು. ಊಟ ಆಮೇಲೆ."

ಗುಬ್ಬಿ ಪೆಟ್ಟಿಗೆಯ ಹತ್ತಿರ ಬಗ್ಗಿದಳು. ಅದೇ ಸುರುಳಿ, ರೆಪ್ಪೆಯಿಲ್ಲದ ಅದೇ ಕಣ್ಣು. ಮೈ ಒಂದಿಷ್ಟೂ ಅಲುಗಿರಲಿಲ್ಲ.

"ಹೆದರಿದ ಹಾಗೇ ಕಾಣಲ್ಲಮ್ಮ."

"ಕಾಣಲ್ಲ. ಅದಕ್ಕೇ ತಂತಿ ಹಾಕಿರೋದು."

"ತಿಂದಿದ್ದನ್ನ ಕಕ್ಕಿಬಿಟ್ರೆ?"

"ಕಕ್ಕಬಹುದು. ಕಕ್ಕಿದ್ರೆ ತುಂಬಾ ಸುಸ್ತಾಗತ್ತೆ, ಪಾಪ."

ಗುಬ್ಬಿ ಗಾಜಿನಿಂದ ಮೆಲ್ಲಗೆ ಹಿಂದೆ ಸರಿದಳು. "ಏನಾದ್ರೂ ಮಾಡಮ್ಮ."

"ಮಾಡಕ್ಕೇನೂ ಇಲ್ಲ. ಲೈಟ್ ಕಮ್ಮಿ ಮಾಡಿ, ಸದ್ದಿಲ್ದೆ ಕೂತ್ಕೋಬೇಕು ಅಷ್ಟೆ."

ಗುಬ್ಬಿ ಬೆಕ್ಕಿನ ಹೆಜ್ಜೆಯಿಟ್ಟು ಹೋಗಿ ದೊಡ್ಡ ದೀಪ ಆರಿಸಿದಳು. ಕೂರಲು ಜಾಗ ಮಾಡಲೆಂದು ಮೇಜಿನ ಮೇಲಿದ್ದ ಅಮ್ಮನ ಊಟದ ಡಬ್ಬಿ ಎತ್ತಿದಳು. ಭಾರವಾಗಿತ್ತು. ಬೆಳಿಗ್ಗೆ ಚಿಕ್ಕಮ್ಮ ತುಂಬಿಕೊಟ್ಟದ್ದು ಹಾಗೇ ಇತ್ತು.

"ಊಟ ಮಾಡ್ಲಿಲ್ವಾ?"

"ಗಂಟಲಲ್ಲಿ ಇಳಿಯಲ್ಲ ಕಣೇ," ಎಂದರು ಅಮ್ಮ, ಗೆರೆಯಿಂದ ಕಣ್ಣು ತೆಗೆಯದೆ.

"ಇವತ್ತಾ?"

ಅಮ್ಮ ಅಲ್ಲವೆಂದು ತಲೆಯಾಡಿಸಿದರು. "ಅವತ್ತಿಂದ."

ಗುಬ್ಬಿ ಅಮ್ಮನ ಮುಖ ನೋಡಿದಳು. ಅದೇ ಮುಖ, ಒಣಗಿದ ಕಣ್ಣು. ಆಂಟಿ ಹೇಳಿದ್ದನ್ನು ಕೇಳಿಯೇಬಿಡಬೇಕೆಂದು ಬಂದವಳು ಮಾತನ್ನು ನುಂಗಿಕೊಂಡಳು.

ಮೆಲ್ಲಗೆ ಅಮ್ಮನ ಕೈ ಹಿಡಿದಳು. ಹಾವುಗಳಿಗೆಂದು ಬೆಚ್ಚಗೆ ಕಾಯಿಸಿದ ಕೋಣೆ ಅದು. ಗುಬ್ಬಿಯ ಕತ್ತು ಬೆವರುತ್ತಿತ್ತು. ಅಮ್ಮನ ಬೆರಳುಗಳು ಮಾತ್ರ ತಣ್ಣಗಿದ್ದವು.

ಡಬ್ಬಿಯನ್ನು ಅವಳು ತೆರೆಯಲಿಲ್ಲ, ತಿನ್ನು ಎನ್ನಲೂ ಇಲ್ಲ. ಸ್ಟೂಲನ್ನು ಎಳೆಯದೆ, ಎತ್ತಿ ತಂದು ಅಮ್ಮನ ಪಕ್ಕಕ್ಕಿಟ್ಟಳು. ಕೂತು, ಆ ಕೈಯನ್ನು ತನ್ನ ಎರಡು ಅಂಗೈಗಳ ನಡುವೆ ಇಟ್ಟುಕೊಂಡಳು.

ಸೋಂಬೇರಿ ಕಕ್ಕಿರಲಿಲ್ಲ. ಗೆರೆ ಇನ್ನೂ ಕೆಳಗೇ ಇತ್ತು.

"ತುಂಬಾ ಹೊತ್ತಾಗತ್ತೇನೋ," ಎಂದರು ಅಮ್ಮ. "ನಿಂಗೆ ಬೇಜಾರಾಗತ್ತೆ, ಹೊರಗೆ ಕೂತ್ಕೋ ಹೋಗು."

"ಆಗ್ಲಿ ಬಿಡಮ್ಮ," ಗುಬ್ಬಿ ಪಿಸುಗುಟ್ಟಿದಳು. "ನಂಗೇನೂ ಅರ್ಜೆಂಟ್ ಇಲ್ಲ."