ಶರಬತ್ತು ಆಮೇಲೆ

ರಡ್ವಾ ನಿಶ್ಚಯದ ಶರಬತ್ತಿನ ತಟ್ಟೆ ಹಿಡಿದು ಪಡಸಾಲೆಗೆ ಬಂದಾಗ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಗುಟ್ಟುತ್ತಿದ್ದವು. ಹಾಜೆಮ್ ತಲೆಯೆತ್ತಿದ. ದೊಡ್ಡ ಕೇಕಿನ ಡಬ್ಬ ಹೊತ್ತು ಟ್ರಾಮಿನಲ್ಲಿ ಬರುವ ದಾರಿಯುದ್ದಕ್ಕೂ ಅವನು ಈ ಗಳಿಗೆಯನ್ನೇ ಕಲ್ಪಿಸಿಕೊಂಡಿದ್ದ. ಅವಳು ನಾಚುತ್ತಾಳೆ, ಕಣ್ಣಂಚಿನಲ್ಲಿ ನಗುತ್ತಾಳೆ, ತನಗೆ ಕೊಡುವ ಲೋಟವನ್ನು ಮಾತ್ರ ಒಂದು ಕ್ಷಣ ಹೆಚ್ಚು ಹಿಡಿದಿರುತ್ತಾಳೆ.

ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದಳು. ಅವನನ್ನು ನೋಡಿದ್ದು ಒಂದೇ ಸಲ, ದಾರಿ ತಪ್ಪಿ ಮನೆಯೊಳಗೆ ಬಂದವನನ್ನು ನೋಡುವ ಹಾಗೆ.

"ಚಂದ್ರನ ಹಾಗಿದ್ದಾಳೆ, ದೃಷ್ಟಿ ತಾಕದಿರಲಿ," ಎಂದಳು ಹಾಜೆಮ್‌ನ ತಾಯಿ.

"ಇನ್ನೇನು ತಡ?" ಎಂದರು ರಡ್ವಾಳ ತಂದೆ ಹಾಜಿ ಸಬ್ರಿ. ಅವರ ದನಿಯಲ್ಲಿ ಹೊರೆ ಇಳಿಸಿದವರ ನಿರಾಳವಿತ್ತು. "ಫಾತಿಹಾ ಓದಿ ನಿಶ್ಚಯ ಮಾಡಿ ಬಾಯಿ ಸಿಹಿ ಮಾಡಿಕೊಳ್ಳೋಣ."

"ಒಂದು ನಿಮಿಷ ಅಪ್ಪ," ಎಂದಳು ರಡ್ವಾ. "ಓದೋಕ್ಕೆ ಮುಂಚೆ ಇವನ ಹತ್ರ ಮಾತಾಡಬೇಕು."

ಬಾಗಿಲು ತೆರೆದೇ ಇರಬೇಕೆಂಬ ಷರತ್ತಿನ ಮೇಲೆ ಇಬ್ಬರೂ ಬಾಲ್ಕನಿಗೆ ಹೋದರು. ಒಗೆದ ಬಟ್ಟೆಗಳ ಆಚೆ ಅಲೆಕ್ಸಾಂಡ್ರಿಯಾದ ಕಡಲು ಒಂದು ನೀಲಿ ಗೆರೆಯಷ್ಟೇ ಕಾಣುತ್ತಿತ್ತು.

ಅವಳದು ಕಡಲ ಪಾಚಿಯ ಸಂಶೋಧನೆ. ಅವನು ಅದೇ ಕಾಲೇಜಿನಲ್ಲಿ ಕೆಮಿಸ್ಟ್ರಿಯ ಕಿರಿಯ ಮೇಷ್ಟ್ರು. "ನಿನ್ನ ಬ್ಯಾಗು ಮೀನಂಗಡಿ ನಾತ ಹೊಡೀತಿದೆ," ಎಂದು ಅವನು ರೇಗಿಸಿದರೆ, "ಆಸಿಡ್ ಮೂಸಿ ಮೂಸಿ ನಿಂಗೆ ಮೂಗೆಲ್ಲಿ ಉಳಿದಿದೆ ಪಾಪ!" ಎನ್ನುತ್ತಿದ್ದಳು. ಕಳೆದ ವರ್ಷವಿಡೀ ಅವರ ಪ್ರೀತಿ ಇಂಥ ಮಾತುಗಳಲ್ಲೇ ಅಡಗಿಕೊಂಡಿತ್ತು.

ಹೋದ ತಿಂಗಳು ಅವಳ ಸಂಶೋಧನೆಯ ಗೈಡ್ ಮಾದರಿಗಳನ್ನಿಡುವ ಕೋಣೆಯ ಬಾಗಿಲು ಹಾಕಿ ಅವಳ ಮೈಮೇಲೆ ಕೈ ಹಾಕಿದ. ಅವಳು ತಪ್ಪಿಸಿಕೊಂಡು ನೇರ ಬಂದದ್ದು ಕಿರುಕುಳದ ದೂರು ಕೇಳುವ ಕಾಲೇಜಿನ ರಕ್ಷಣಾ ಘಟಕಕ್ಕೆ. ಆ ಹೊತ್ತಿಗೆ ಅಲ್ಲಿ ಸ್ವಯಂಸೇವಕನಾಗಿ ಕೂತಿದ್ದವನು ಹಾಜೆಮ್. ಘಟಕದ ಇನಾಸ್ ಮೇಡಂ ಎಲ್ಲರಿಗೂ ಮೊದಲ ದಿನವೇ ಕಲಿಸಿದ್ದರು: "ನಂಬ್ತೀನಿ ಅನ್ನಿ. ಏನು ಬೇಕು ಅಂತ ಕೇಳಿ. ಉತ್ತರ ಬರೋವರೆಗೂ ನಿಮ್ಮ ಕೈ ನಿಮ್ಮ ಜೇಬಲ್ಲಿರಲಿ." ಅವತ್ತು ಅವನು ಹಾಗೆಯೇ ನಡೆದುಕೊಂಡಿದ್ದ. ಅವಳು ದೂರು ಕೊಟ್ಟಳು. ಬರುವ ಭಾನುವಾರ ವಿಚಾರಣೆ.

"ಯಾಕೆ ಬಂದೆ?" ಎಂದಳು ಈಗ.

"ನೀನಂದ್ರೆ ನಂಗಿಷ್ಟ. ಗೊತ್ತಲ್ವಾ?"

"ಹೋದ ವರ್ಷದಿಂದ ಗೊತ್ತು. ಹೋದ ವರ್ಷ ಯಾಕೆ ಬರ್ಲಿಲ್ಲ?"

"ಕೆಲಸ ಕಾಯಂ ಆಗ್ಲಿ ಅಂತ..."

"ಈಗ ಆಯ್ತಾ?"

ಅವನು ಬಟ್ಟೆಯ ಕ್ಲಿಪ್ಪೊಂದನ್ನು ತಿರುಗಿಸುತ್ತ ನಿಂತ. "ಕ್ಯಾಂಟೀನಲ್ಲಿ ಯಾರೋ ಅಂದ್ರು, ಇನ್ನು ಅವಳನ್ನ ಯಾರು ಮದ್ವೆ ಆಗ್ತಾರೆ ಅಂತ. ಕೇಳಿ ತಡ್ಕೊಳ್ಳೋಕೆ ಆಗ್ಲಿಲ್ಲ. ನಿನಗೊಂದು ಮರೆ ಆಗ್ಲಿ ಅಂತ ಬಂದೆ."

"ಮರೆ?" ರಡ್ವಾ ನಕ್ಕಳು. ಅವನಿಗೆ ಗೊತ್ತಿದ್ದ ನಗು ಅದಲ್ಲ. "ನಾನೇನು ತೂತು ಬಿದ್ದ ಸೋಫಾನಾ, ಮೇಲೊಂದು ಬಟ್ಟೆ ಹೊದಿಸೋಕೆ?"

"ಹಾಗಲ್ಲ ರಡ್ವಾ..."

"ಬೆಳಿಗ್ಗೆ ಅಪ್ಪ ಏನಂದ್ರು ಗೊತ್ತಾ? ನಿಶ್ಚಯ ಆದ ಹುಡುಗಿ ಹತ್ತು ಜನರೆದುರು ಅದನ್ನೆಲ್ಲ ಹೇಳಿದ್ರೆ ಗಂಡಿನ ಮಾನ ಏನಾಗುತ್ತೆ, ಭಾನುವಾರ ಹೋಗ್ಬೇಡ ಅಂದ್ರು. ಅವರನ್ನ ಒಪ್ಪಿಸೋಕೆ ಎಷ್ಟು ಅತ್ತಿದ್ದೀನಿ, ಎಷ್ಟು ಜಗಳ ಆಡಿದ್ದೀನಿ ನಾನು. ನಿಮ್ಮಮ್ಮನ ಒಂದು ಫೋನಿಗೆ ಎಲ್ಲ ತೊಳ್ಕೊಂಡು ಹೋಯ್ತು."

ಹಾಜೆಮ್‌ನ ಕಿವಿ ಬಿಸಿಯಾಯಿತು. ಇಸ್ತ್ರಿ ಮಾಡಿದ ಅಂಗಿ, ಅಣ್ಣನಿಂದ ಎರವಲು ತಂದ ಬೂಟು, ಹಚ್ಚಿಕೊಂಡ ಅತ್ತರು, ಮೈಮೇಲಿನದೆಲ್ಲವನ್ನೂ ಕಿತ್ತೆಸೆಯಬೇಕೆನ್ನಿಸಿತು. ಉಪಕಾರ ಮಾಡುವವನ ಹೆಮ್ಮೆಯಲ್ಲಿ ಅವನು ಆ ಮೆಟ್ಟಿಲು ಹತ್ತಿ ಬಂದಿದ್ದ.

"ಆ ಗೈಡೂ ನೀನೂ ಒಂದೇ ಅಲ್ಲ. ಅಷ್ಟು ನನಗೆ ಗೊತ್ತು," ಎಂದಳು, ದನಿ ತಗ್ಗಿಸಿ. "ಆದ್ರೆ ಅವನು ಕೇಳದೆ ಬಾಗಿಲು ಹಾಕಿದ. ನೀನೂ ಕೇಳದೇ ಹಾಕ್ತಿದ್ದೀಯ."

ಕೆಳಗೆ ಟ್ರಾಮಿನ ಗಂಟೆ ಕೇಳಿ ದೂರವಾಯಿತು. ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

"ಏನು ಮಾಡ್ಲಿ, ನೀನೇ ಹೇಳು."

"ಇದನ್ನ ಮೊದ್ಲೇ ಕೇಳಿದ್ರೆ ಅಷ್ಟು ದೊಡ್ಡ ಕೇಕಿನ ಡಬ್ಬ ಹೊರೋದಾದ್ರೂ ತಪ್ತಿತ್ತು." ಅವಳ ಕಣ್ಣು ತುಂಬಿದ್ದವು. "ಮಾತು ವಾಪಸ್ ತಗೋ. ನಾನು ಬೇಡ ಅಂದೆ ಅಂತ ಮಾತ್ರ ಹೇಳ್ಬೇಡ. ಹೇಳಿದ್ರೆ ಅಪ್ಪ ನನ್ನನ್ನ ಮನೇಲೇ ಕೂರಿಸ್ತಾರೆ."

ಒಳಗೆ ಹಾಜಿ ಸಬ್ರಿ ಆಗಲೇ ಓದಲು ಅಂಗೈ ತೆರೆದಿದ್ದರು. ಹಾಜೆಮ್ ಕೂರಲಿಲ್ಲ.

"ಮಾವ, ಕ್ಷಮಿಸಿ. ಇವತ್ತು ಓದೋದು ಬೇಡ."

ತಾಯಿ ಅವನ ಅಂಗಿಯ ತುದಿ ಜಗ್ಗಿದಳು. "ಏನೋ ಇದು, ಹುಚ್ಚು ಹಿಡಿದಿದೆಯಾ?"

"ನಾನು ಬಂದ ರೀತಿಯೇ ತಪ್ಪು. ಅವರಿಗೆ ಮರೆಯಾಗ್ತೀನಿ ಅಂತ ಬಂದೆ. ಮುಖ ಮರೆಸ್ಕೋಬೇಕಾದವನು ಕಾಲೇಜಲ್ಲಿ ಕುರ್ಚಿ ಮೇಲೆ ಕೂತಿದ್ದಾನೆ." ಅವನು ತಾಯಿಯ ಕೈಯಿಂದ ಅಂಗಿ ಬಿಡಿಸಿಕೊಂಡ. "ಭಾನುವಾರ ರಡ್ವಾ ಅಲ್ಲಿಗೆ ಹೋಗಿ ಮಾತಾಡಿದ್ರೆ ನನ್ನ ಮಾನ ಹೋಗಲ್ಲ, ಮಾವ. ನನ್ನಿಂದಾಗಿ ಅವರು ಹೋಗ್ದಿದ್ರೆ ಹೋಗುತ್ತೆ."

ಹಾಜಿ ಸಬ್ರಿಯ ಮುಖ ಬಿಳಿಚಿತು. "ನನ್ನ ಮನೆಗೆ ಬಂದು, ನನ್ನ ಶರಬತ್ತು ಮುಟ್ಟದೆ ಏಳ್ತೀಯಾ? ಹೋಗು. ಈ ಮೆಟ್ಟಿಲು ಇನ್ನು ಹತ್ತಬೇಡ."

ಮನೆಯ ಬೀಗ ತೆಗೆಯುವಾಗ ತಾಯಿ, "ಮುಖಕ್ಕೆ ಮಸಿ ಬಳಿದೆ. ಆ ಕೇಕನ್ನಾದ್ರೂ ವಾಪಸ್ ತರಬಾರದಿತ್ತಾ," ಎಂದಳು.

ಭಾನುವಾರ ಹಾಜೆಮ್ ಘಟಕದ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಗೇಟಿನ ಬಳಿ ನಿಂತಿದ್ದ. ಅವಳು ಬಾರದಿದ್ದರೆ ಈ ಜಾಕೆಟ್ಟನ್ನು ಇನ್ನು ತೊಡುವ ಯೋಗ್ಯತೆ ತನಗಿಲ್ಲ ಎಂದುಕೊಂಡಿದ್ದ.

ರಡ್ವಾ ಬಂದಳು. ಪಕ್ಕದಲ್ಲಿ ಶುಕ್ರವಾರದ ನಮಾಜಿನ ಕೋಟು ತೊಟ್ಟ ಹಾಜಿ ಸಬ್ರಿ. ಹಾಜೆಮ್‌ನ ಮುಂದೆ ಅವರ ಹೆಜ್ಜೆ ನಿಂತಿತು. ನೆಲ ನೋಡುತ್ತ, "ಆ ಸಮಿತಿ ಕೂರೋದು ಯಾವ ಕಡೆ?" ಎಂದು ಕೇಳಿದರು.

ಹಾಜೆಮ್ ದಾರಿ ತೋರಿಸಿದ. ಮಹಡಿಯ ಮೇಲೆ ಅವಳ ಪಕ್ಕ ಕೂರುವುದು ಇನಾಸ್ ಮೇಡಂ ಕೆಲಸ. ಅವನು ಗೇಟಿನಲ್ಲೇ ಉಳಿದ.

ಮಧ್ಯಾಹ್ನ ಅವಳು ಹೊರಬಂದಾಗ ಮುಖ ಬಾಡಿತ್ತು, ನಡಿಗೆ ನೇರವಿತ್ತು. ಏನಾಯಿತೆಂದು ಅವನು ಕೇಳಲಿಲ್ಲ.

"ಜೇಬಲ್ಲೇನಿದೆ?" ಎಂದಳು.

"ಕೈ."

ಅವಳ ತುಟಿಯ ಒಂದು ಮೂಲೆ ಮೆಲ್ಲಗೆ ಅಲುಗಿತು. "ಪೂರ್ತಿ ಹೇಳಿದೆ, ಹಾಜೆಮ್. ನಡುಗ್ತಾ ನಡುಗ್ತಾ ಎಲ್ಲ ಹೇಳ್ದೆ. ತೀರ್ಪು ಯಾವಾಗ ಬರುತ್ತೋ. ಅಪ್ಪ ಹೊರಗಡೆ ಬೆಂಚಲ್ಲಿ ಅಳ್ತಾ ಕೂತಿದ್ರು. ನೀನವತ್ತು ಹೇಳಿದ್ದು ಅವರಿಗೆ ನಾಟಿದೆ."

ಗೇಟಿನೆದುರಿನ ಅಂಗಡಿಯಲ್ಲಿ ಅವಳು ಕಬ್ಬಿನ ಹಾಲು ಕೊಂಡಳು. ಅಪ್ಪ ತಮ್ಮ ಲೋಟ ತೆಗೆದುಕೊಂಡು, ಬೇಕೆಂದೇ ಬೀದಿಯ ಕಡೆ ತಿರುಗಿ ನಿಂತರು. ಇನ್ನೊಂದನ್ನು ಅವಳು ಹಾಜೆಮ್‌ನ ಮುಂದೆ ಹಿಡಿದಳು.

"ತಗೋ. ಇದು ಶರಬತ್ತಲ್ಲ, ಬರೀ ಕಬ್ಬಿನ ಹಾಲು. ಹೆದರ್ಬೇಡ."

"ಶರಬತ್ತು?"

"ಆಮೇಲೆ. ಅಮ್ಮನ ಕೈಲಿ ಫೋನ್ ಮಾಡಿಸೋದಲ್ಲ. ನನ್ನ ಕೇಳ್ಬೇಕು. ಇವತ್ತಲ್ಲ, ನಾಳೇನೂ ಅಲ್ಲ. ನನಗೆ ಕೇಳಿಸ್ಕೊಳ್ಳೋ ಶಕ್ತಿ ಬಂದಾಗ ನಾನೇ ಹೇಳ್ತೀನಿ."

"ಕಾಯ್ತೀನಿ."

"ಮೊದ್ಲು ಲೋಟ ಹಿಡ್ಕೋ, ನನ್ನ ಕೈ ನೋಯ್ತಿದೆ."

ಅವನು ಜೇಬಿನಿಂದ ಕೈ ತೆಗೆದ.