ಪೆಂಗ್ವಿನ್ ಬೆನ್ನಿನ ಡಬ್ಬಿ

ಪೊದೆಯ ಹಿಂದೆ ಬೋರಲು ಮಲಗಿದ್ದ ಲೀಸೆಲ್ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ಆ ಕೇಪ್‌ಟೌನ್ ಅಕ್ಕ ಒಂದು ಪೆಂಗ್ವಿನ್ನನ್ನು ಮಂಡಿಗಳ ನಡುವೆ ಅವುಚಿಕೊಂಡು ಕೂತಿದ್ದಳು. ಅದು ಗಾಬರಿಯಾಗದಿರಲಿ ಎಂದು ತಲೆಗೆ ಬಟ್ಟೆ ಮುಚ್ಚಿದ್ದಳು. ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿಯನ್ನು ಅದರ ಬೆನ್ನಿನ ಗರಿಗಳ ಮೇಲಿಟ್ಟು ಕಪ್ಪು ಟೇಪ್ ಸುತ್ತುತ್ತಿದ್ದಳು. ಸುತ್ತಿ ಮುಗಿದ ಮೇಲೆ ಬಟ್ಟೆ ತೆಗೆದಳು. ಪೆಂಗ್ವಿನ್ ರೆಕ್ಕೆ ಕೊಡವಿ, ಕೋಪದಿಂದ ಒಮ್ಮೆ ಅರಚಿ, ಸಮುದ್ರದ ಕಡೆಗೆ ನಡೆದುಬಿಟ್ಟಿತು.

ಅಕ್ಕನ ಹೆಸರು ಥಾಂಡೇಕಾ. ಹೋದ ತಿಂಗಳು ಬಂದು ಚರ್ಚಿನ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದಳು. ಬಂದ ದಿನದಿಂದ ಪ್ರಶ್ನೆಗಳೇ ಪ್ರಶ್ನೆಗಳು. ಪೆಂಗ್ವಿನ್‌ಗಳು ಬೆಳಗ್ಗೆ ಎಷ್ಟು ಹೊತ್ತಿಗೆ ನೀರಿಗಿಳಿಯುತ್ತವೆ? ಯಾವ ದಿಕ್ಕಿಗೆ ಹೋಗುತ್ತವೆ? ಡಬ್ಬಿ ಯಾತಕ್ಕೆ ಅಂತ ಅಂಗಡಿಯವರು ಕೇಳಿದಾಗ ಅವಳು ಏನೂ ಮುಚ್ಚಿಡದೆ ಹೇಳಿದ್ದಳು. ಹಕ್ಕಿ ಸಮುದ್ರದಲ್ಲಿ ಎಲ್ಲೆಲ್ಲಿ ಹೋಯಿತು, ಎಲ್ಲಿ ಮುಳುಗಿ ಮೀನು ಹಿಡಿಯಿತು, ಎಲ್ಲವನ್ನೂ ಡಬ್ಬಿ ಬರೆದಿಟ್ಟುಕೊಳ್ಳುತ್ತದಂತೆ.

ಬ್ರೆಡ್ ತರಲು ಹೋಗಿದ್ದ ಲೀಸೆಲ್ ಅದನ್ನು ಕೇಳಿಸಿಕೊಂಡಳು. ಅವಳ ಎದೆ ಧಸಕ್ಕೆಂದಿತು.

ಯಾಕೆಂದರೆ ರೂಯ್‌ಕ್ಲಿಪ್ ಊರಿನಲ್ಲಿ ಯಾರನ್ನು ಏನು ಬೇಕಾದರೂ ಕೇಳಬಹುದು. ಬಾಯಲ್ಲಿರುವ ಹಲ್ಲು ನಿಮ್ಮದೇನಾ ಅಂತಲೂ ಕೇಳಬಹುದು. ಮೀನು ಎಲ್ಲಿ ಸಿಕ್ಕಿತು ಅಂತ ಮಾತ್ರ ಕೇಳುವ ಹಾಗಿಲ್ಲ. ಕೇಳಿದರೆ "ಅಲ್ಲೇ, ನೀರಲ್ಲಿ" ಅನ್ನುತ್ತಾರೆ. ಎಡಕ್ಕೆ ಹೋದವರು ಬೇಕೆಂದೇ ಭೂಶಿರ ಸುತ್ತಿ ಬಲಗಡೆಯಿಂದ ಬರುತ್ತಾರೆ. ಒಬ್ಬೊಬ್ಬರ ಮನೆಗೂ ಒಂದೊಂದು ಜಾಗ, ಒಂದೊಂದು ಗುಟ್ಟು.

ಲೀಸೆಲ್ ಮನೆಯ ಗುಟ್ಟು ಅಜ್ಜನ ಕಾಲದ್ದು. ಅಪ್ಪ ಅದನ್ನು ಹೋದ ಕ್ರಿಸ್‌ಮಸ್ ರಜೆಯಲ್ಲಿ ಅವಳಿಗೆ ಹೇಳಿಕೊಟ್ಟಿದ್ದ. ದೋಣಿಯಲ್ಲಿ ಹೋಗುತ್ತಾ ಇರಬೇಕು. ಚರ್ಚಿನ ಗೋಪುರ ಎರಡು ಗುಡ್ಡಗಳ ಸಂದಿಗೆ ಸರಿಯಾಗಿ ಬರಬೇಕು. ಅದೇ ಹೊತ್ತಿಗೆ ಕೆಂಪು ಬಂಡೆಯ ಪಕ್ಕದಲ್ಲಿ ದೀಪಸ್ತಂಭ ಇಣುಕಬೇಕು. ಅಲ್ಲಿ ಎಂಜಿನ್ ನಿಲ್ಲಿಸಬೇಕು. ಅಲ್ಲಿ ನೀರಿನಡಿ ಒಂದು ದಿಬ್ಬ ಇದೆ. ಚಳಿಗಾಲದಲ್ಲಿ ಅಲ್ಲಿ ಗುಂಪುಗುಂಪಾಗಿ ಬೂತಾಯಿ ಎಂಬ ಸಣ್ಣ ಮೀನುಗಳು ಸೇರುತ್ತವೆ. ಅವನ್ನು ತಿನ್ನಲು ಉದ್ದುದ್ದನೆಯ ಸ್ನೂಕ್ ಮೀನುಗಳು ಬರುತ್ತವೆ. ಅಪ್ಪ ದಾರ ಬಿಟ್ಟು ಹಿಡಿಯುವುದು ಸ್ನೂಕನ್ನೇ, ಮನೆ ನಡೆಯುವುದೂ ಅದರಿಂದಲೇ.

"ಪೆಂಗ್ವಿನ್‌ಗೂ ಈ ಜಾಗ ಗೊತ್ತು. ಅದಕ್ಕೂ ಬೂತಾಯಿನೇ ಬೇಕು. ಆದ್ರೆ ಅದು ಯಾರಿಗೂ ಹೇಳಲ್ಲ. ನೀನೂ ಹೇಳಬಾರದು" ಎಂದಿದ್ದ ಅಪ್ಪ. ಇಬ್ಬರೂ ಅಂಗೈಗೆ ಉಗುಳಿಕೊಂಡು, ಕೈ ಕೈ ಒತ್ತಿ ಆಣೆ ಮಾಡಿದ್ದರು.

ಈಗ ಪೆಂಗ್ವಿನ್‌ಗಳೂ ಹೇಳುವ ಹಾಗಾಯಿತಲ್ಲ. ಅಪ್ಪನ ದೋಣಿ ಹಿಂಬಾಲಿಸಲು ಆಗದವರು ಹಕ್ಕಿಯ ಬೆನ್ನಿಗೆ ಡಬ್ಬಿ ಕಟ್ಟಿದರೆ ಆಯಿತು, ಅಜ್ಜನ ಜಾಗ ಸಲೀಸಾಗಿ ಸಿಕ್ಕಿಬಿಡುತ್ತದೆ. ಸಾಲದ್ದಕ್ಕೆ ಬಂದರಿನಲ್ಲಿ ಥಾಂಡೇಕಾ ಒಬ್ಬನ ಜೊತೆ ನಗುನಗುತ್ತಾ ಮಾತಾಡುವುದನ್ನು ಲೀಸೆಲ್ ಕಣ್ಣಾರೆ ಕಂಡಿದ್ದಳು. ಅವನು ಪಕ್ಕದೂರಿನ ದೊಡ್ಡ ಬಲೆದೋಣಿಗಳ ಮಾಲೀಕ. ಅವನ ದೋಣಿ ಒಮ್ಮೆ ಬಲೆ ಹಾಕಿದರೆ ಒಂದು ದಿಬ್ಬದ ಬೂತಾಯಿಯೆಲ್ಲ ಖಾಲಿ. ಆಮೇಲೆ ಸ್ನೂಕ್ ಯಾಕೆ ಬರುತ್ತದೆ, ಮಣ್ಣು ತಿನ್ನಲಿಕ್ಕಾ?

ಲೀಸೆಲ್ ತೀರ್ಮಾನ ಮಾಡಿಬಿಟ್ಟಳು. ಆ ಪೆಂಗ್ವಿನ್ ಗೂಡಿಗೆ ವಾಪಸ್ ಬಂದ ಕೂಡಲೇ ಡಬ್ಬಿ ಕಿತ್ತು ಸಮುದ್ರಕ್ಕೆ ಎಸೆಯುವುದು.

ಗೆಳತಿ ಜೋನಿತಾಗೆ ಇದರ ಅರ್ಧವನ್ನಷ್ಟೇ ಹೇಳಿದಳು. ಜೋನಿತಾ ಬಿದ್ದು ಬಿದ್ದು ನಕ್ಕಳು. ಮಾರನೆಯ ದಿನ ಇಡೀ ಕ್ಲಾಸು ಲೀಸೆಲ್‌ಳನ್ನು ಪೆಂಗ್ವಿನ್ ಪೊಲೀಸ್ ಅಂತ ಕರೆಯಿತು. ಕರೆಯಲಿ ಬಿಡಿ, ಅವಳಿಗೇನು.

ಗೂಡು ಅಂದರೆ ಸಿಮೆಂಟಿನಲ್ಲಿ ಮಾಡಿಟ್ಟ ಒಂದು ಗುಮ್ಮಟ, ಬೋರಲು ಹಾಕಿದ ಕೊಡದ ಹಾಗೆ. ಒಳಗೆ ಬೂದು ಬಣ್ಣದ ಎರಡು ಮರಿಗಳಿದ್ದವು. ಇಂಥ ಸಮಯದಲ್ಲಿ ಅಪ್ಪ ಅಮ್ಮ ಪೆಂಗ್ವಿನ್‌ಗಳು ಸರದಿ ಹಾಕಿಕೊಳ್ಳುತ್ತವೆ. ಒಂದು ಮರಿಗಳ ಹತ್ತಿರ ಇದ್ದರೆ ಇನ್ನೊಂದು ಬೆಳಗಿನ ಜಾವ ಸಮುದ್ರಕ್ಕೆ ಹೋಗುತ್ತದೆ. ಹೊಟ್ಟೆ ತುಂಬ ಮೀನು ತುಂಬಿಕೊಂಡು ಸಂಜೆಗೆ ಬರುತ್ತದೆ, ಬಂದು ಮರಿಗಳ ಬಾಯಿಗೆ ಕಕ್ಕುತ್ತದೆ. ರೂಯ್‌ಕ್ಲಿಪ್ ಮಕ್ಕಳಿಗೆಲ್ಲ ಇದು ಗೊತ್ತಿದ್ದದ್ದೇ.

ಡಬ್ಬಿ ಕಟ್ಟಿದ ದಿನ ಸಂಜೆ ಪೆಂಗ್ವಿನ್‌ಗಳು ಒಂದೊಂದಾಗಿ ದಡ ಹತ್ತಿದವು. ಡಬ್ಬಿಯದ್ದು ಬರಲಿಲ್ಲ. ಲೀಸೆಲ್ ಈ ಪೊದೆಯ ಹಿಂದೆ, ಥಾಂಡೇಕಾ ಆ ಬಂಡೆಯ ಹಿಂದೆ. ಕತ್ತಲಾಯಿತು. ಅಮ್ಮ ಕೂಗಿದ್ದು ಕೇಳಿ ಲೀಸೆಲ್ ಮನೆಗೆ ಓಡಿದಳು. ಅಪ್ಪ ಇನ್ನೂ ಬಂದಿರಲಿಲ್ಲ. ಈಚೆಗೆ ಅವನು ಬರುವುದೇ ತಡ. ಎಂಜಿನ್ ಕೆಮ್ಮುತ್ತಿದೆ, ಮೆಲ್ಲಗೆ ಬರಬೇಕು ಎನ್ನುತ್ತಿದ್ದ.

ಮರುದಿನವೂ ಡಬ್ಬಿಯ ಪೆಂಗ್ವಿನ್ ಬರಲಿಲ್ಲ. ಗೂಡಿನೊಳಗೆ ಮರಿಗಳು ಅಮ್ಮನ ಕೊಕ್ಕನ್ನು ಕುಟ್ಟಿ ಕುಟ್ಟಿ ಕೇಳುತ್ತಿದ್ದವು. ಕೊಡಲು ಅದರ ಹೊಟ್ಟೆಯಲ್ಲಿ ಏನಾದರೂ ಇರಬೇಕಲ್ಲ. ಥಾಂಡೇಕಾ ಒಂದು ಮರಿಯನ್ನು ಚೀಲದಲ್ಲಿ ಹಾಕಿ ತಕ್ಕಡಿಗೆ ನೇತುಹಾಕಿದಳು. ಮುಳ್ಳು ನೋಡಿ ಅವಳ ಮುಖ ಸಣ್ಣದಾಯಿತು.

ನಾಟಕ, ಎಂದುಕೊಂಡಳು ಲೀಸೆಲ್. ಇವಳ ಡಬ್ಬಿಯ ಭಾರಕ್ಕೇ ಅದು ಮುಳುಗಿ ಸತ್ತಿರಬೇಕು. ಸತ್ತಿದ್ದರೆ ಗುಟ್ಟೂ ಮುಳುಗಿತು, ಒಳ್ಳೆಯದೇ ಆಯಿತು. ಹಾಗಂದುಕೊಂಡ ಮರುಕ್ಷಣವೇ ಗೂಡಿನಿಂದ ಕೀ ಕೀ ಸದ್ದು ಬಂತು. ಅವಳಿಗೆ ತನ್ನ ಮೇಲೇ ಬೇಸರವಾಯಿತು.

ಶನಿವಾರ ಮಧ್ಯಾಹ್ನ ಲೀಸೆಲ್ ಮತ್ತೆ ಪೊದೆಯ ಹಿಂದೆ ಕೂತಿದ್ದಳು. ಒಂಟಿ ಪೆಂಗ್ವಿನ್ ಒಂದು ಅಲೆಯ ಜೊತೆ ದಡಕ್ಕೆ ಬಿತ್ತು. ಎದ್ದು ನಿಂತಿತು. ನಾಲ್ಕು ಹೆಜ್ಜೆ ಇಟ್ಟು ನಿಂತಿತು, ಮತ್ತೆ ನಾಲ್ಕು ಹೆಜ್ಜೆ ಇಟ್ಟಿತು. ಬೆನ್ನಿನ ಮೇಲೆ ಕಪ್ಪು ಟೇಪ್ ಇತ್ತು.

ಗೂಡಿನ ಬಾಯಿಗೆ ಅದು ಬರುವುದಕ್ಕೂ ಲೀಸೆಲ್ ಅದರ ಮೇಲೆ ಬೀಳುವುದಕ್ಕೂ ಸರಿಹೋಯಿತು. ಟೇಪಿನ ತುದಿ ಕೈಗೆ ಸಿಕ್ಕಿತು. ಅಷ್ಟರಲ್ಲಿ ಪೆಂಗ್ವಿನ್ ಅವಳ ಹೆಬ್ಬೆರಳ ಬುಡವನ್ನು ಇಕ್ಕಳದ ಹಾಗೆ ಕಚ್ಚಿ ಹಿಡಿಯಿತು. ನೋವಿಗೆ ಕಣ್ಣಲ್ಲಿ ನೀರು ಬಂತು. ಆದರೂ ಅವಳು ಬಿಡಲಿಲ್ಲ.

"ಬಿಡು ಪುಟ್ಟಾ, ಮೆಲ್ಲಗೆ ಬಿಡು." ಥಾಂಡೇಕಾ ಹಿಂದೆಯೇ ನಿಂತಿದ್ದಳು. ಅವಳು ಕೂಗಲಿಲ್ಲ, ಪಿಸುಗುಟ್ಟಿದಳು. "ಹೆದರಿದ್ರೆ ಅದು ಹೊಟ್ಟೆಯಲ್ಲಿ ಇರೋದನ್ನೆಲ್ಲ ಇಲ್ಲೇ ಕಕ್ಕಿಬಿಡತ್ತೆ. ಮರಿಗಳಿಗೆ ಏನೂ ಉಳಿಯಲ್ಲ."

ಲೀಸೆಲ್ ಕೈ ತಾನಾಗಿ ಸಡಿಲವಾಯಿತು. ಪೆಂಗ್ವಿನ್ ತೂರಾಡುತ್ತಾ ಒಳಗೆ ಹೋಯಿತು. ಮರಿಗಳು ಅದರ ಬಾಯಿಯೊಳಗೆ ತಲೆಯನ್ನೇ ತೂರಿಸಿದವು. ಡಬ್ಬಿ ತೆಗೆಯಲು ಥಾಂಡೇಕಾ ಅವಸರ ಮಾಡಲಿಲ್ಲ. ಮರಿಗಳ ಊಟ ಮುಗಿಯುವಷ್ಟರಲ್ಲಿ ಲೀಸೆಲ್‌ಳ ಕೈ ತೊಳೆದು ಪಟ್ಟಿ ಕಟ್ಟಿದಳು.

"ಈಗ ಹೇಳು, ಅದರ ಮೇಲೆ ನಿಂಗ್ಯಾಕೆ ಅಷ್ಟು ಸಿಟ್ಟು?"

"ಅದರ ಮೇಲಲ್ಲ, ನಿಮ್ಮ ಮೇಲೆ. ನೀವು ನಮ್ಮ ಮೀನಿನ ಜಾಗ ಕದ್ದು ಆ ಬಲೆದೋಣಿಯವನಿಗೆ ಹೇಳ್ತೀರ."

ಥಾಂಡೇಕಾ ಹೇಳಿದಳು, "ಅವನ ಹತ್ರ ನಾನು ಜಗಳಕ್ಕೆ ಹೋಗಿದ್ದೆ ಕಣೇ. ಮರಿ ಇರೋ ಸಮಯದಲ್ಲಿ ಈ ಕಡೆ ಬಲೆ ಹಾಕಬೇಡ ಅಂತ. ಜಗಳ ಮಾಡೋವಾಗ ನಂಗೆ ನಗು ಬರತ್ತೆ. ನಮ್ಮಮ್ಮನೂ ಬೈತಾರೆ ಅದಕ್ಕೆ."

ಲೀಸೆಲ್ ನಂಬಲಿಲ್ಲ. ಅಷ್ಟು ಬೇಗ ನಂಬಿದರೆ ಅವಳು ಲೀಸೆಲ್ಲೇ ಅಲ್ಲ.

ಥಾಂಡೇಕಾ ಡಬ್ಬಿ ಬಿಡಿಸಿಕೊಂಡು ಅವಳನ್ನು ತನ್ನ ಕೋಣೆಗೆ ಕರೆದುಕೊಂಡು ಹೋದಳು. ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿದಳು. ಪರದೆಯ ಮೇಲೆ ರೂಯ್‌ಕ್ಲಿಪ್ ಬಂತು, ಸಮುದ್ರ ಬಂತು, ಅದರ ಮೇಲೆ ಒಂದು ಕೆಂಪು ಗೆರೆ ಹರಿಯಿತು.

"ನೀನೇ ನೋಡ್ಕೋ. ನಿಮ್ಮ ಜಾಗ ಯಾವ್ದು ಅಂತ ನಂಗೆ ಹೇಳಬೇಡ, ಬೆರಳಿಟ್ಟೂ ತೋರಿಸಬೇಡ. ಚುಕ್ಕಿ ಇರೋ ಕಡೆಯೆಲ್ಲ ಅದು ಮುಳುಗಿದೆ ಅಂತ ಲೆಕ್ಕ." ಹಾಗೆಂದು ಥಾಂಡೇಕಾ ಕಿಟಕಿಯ ಕಡೆ ತಿರುಗಿ ನಿಂತಳು.

ಲೀಸೆಲ್ ಎರಡೂ ಕೈಗಳನ್ನು ಜೇಬಿಗೆ ತುರುಕಿದಳು. ಕಣ್ಣಿನಲ್ಲೇ ಚರ್ಚಿನಿಂದ ಒಂದು ಗೆರೆ ಎಳೆದಳು. ದೀಪಸ್ತಂಭದಿಂದ ಇನ್ನೊಂದು. ಎರಡೂ ಸೇರಿದ್ದು ಅಲ್ಲಿ. ಕೆಂಪು ಗೆರೆ ನೆಟ್ಟಗೆ ಅಲ್ಲಿಗೇ ಹೋಗಿತ್ತು. ಅವಳ ಕಿವಿ ಬಿಸಿಯಾಯಿತು.

ಆದರೆ ಅಲ್ಲಿ ನಾಲ್ಕೈದು ಚುಕ್ಕಿಗಳಷ್ಟೇ ಇದ್ದವು. ಆಮೇಲೆ ಗೆರೆ ಮುಂದಕ್ಕೆ ಹೋಗಿತ್ತು, ಭೂಶಿರ ದಾಟಿ, ಪರದೆಯ ಅಂಚು ದಾಟಿ. ಅವಳು ನಕ್ಷೆಯನ್ನು ಸರಿಸಿದಳು, ಮತ್ತೂ ಸರಿಸಿದಳು. ದಡವೇ ಕಾಣದಷ್ಟು ದೂರದಲ್ಲಿ ಚುಕ್ಕಿಗಳು ಒತ್ತೊತ್ತಾಗಿ ಬಿದ್ದಿದ್ದವು.

"ಯಾಕೆ ಅಷ್ಟು ದೂರ ಹೋಗಿದೆ?" ಎಂದು ಕೇಳಿದಳು.

"ಹತ್ತಿರ ಮೀನು ಇಲ್ವಲ್ಲ, ಅದಕ್ಕೆ. ಮರಿ ಇರೋವಾಗ ದೂರ ಹೋಗೋಕೆ ಅವಕ್ಕೂ ಇಷ್ಟ ಇಲ್ಲ. ಹಳೇ ಜಾಗಕ್ಕೆ ಹೋಗಿ ಮುಳುಗಿ ನೋಡತ್ತೆ. ಸಿಗದಿದ್ರೆ ಇನ್ನೇನ್ ಮಾಡತ್ತೆ, ಮುಂದೆ ಹೋಗತ್ತೆ." ಈ ಚಳಿಗಾಲ ತಾನು ಡಬ್ಬಿ ಕಟ್ಟಿದ ಹಕ್ಕಿಗಳದೆಲ್ಲ ಇದೇ ಕತೆ ಎಂದಳು ಥಾಂಡೇಕಾ.

ತಪ್ಪು, ಅಲ್ಲಿ ಮೀನಿದೆ, ನಮ್ಮಪ್ಪ ದಿನಾ ಅಲ್ಲಿಂದಲೇ ತರುತ್ತಾನೆ. ಮಾತು ತುಟಿಯ ತನಕ ಬಂದಿತ್ತು. ಲೀಸೆಲ್ ನಾಲಿಗೆ ಕಚ್ಚಿಕೊಂಡಳು.

ಕೋಣೆಯಿಂದ ಹೊರಗೆ ಬಂದ ಮೇಲೆ ಅವಳ ಕಾಲು ಮನೆಯ ಕಡೆ ಹೋಗಲಿಲ್ಲ. ಡಬ್ಬಿ ಸುಳ್ಳು ಹೇಳುತ್ತಿರಬೇಕು. ಇಲ್ಲವೇ, ಇಲ್ಲವೇ... ಆ ಇನ್ನೊಂದನ್ನು ಯೋಚಿಸಲು ಅವಳಿಗೆ ಇಷ್ಟವಿರಲಿಲ್ಲ. ಕೆಂಪು ಬಂಡೆ ಹತ್ತಿ ಕೂತಳು. ಅಲ್ಲಿಂದ ಭೂಶಿರದ ಆಚೆಗೂ ಕಾಣುತ್ತದೆ.

ಸೂರ್ಯ ನೀರನ್ನು ಮುಟ್ಟುವ ಹೊತ್ತಿಗೆ, ಕೆಂಪು ಗೆರೆ ಹೋಗಿದ್ದ ಕಡೆಯಿಂದಲೇ, ಸಣ್ಣದೊಂದು ಕಪ್ಪು ಚುಕ್ಕಿ ಬಂತು. ಬಹಳ ಹೊತ್ತಿನ ಮೇಲೆ ಅದು ದೋಣಿಯಾಯಿತು. ಇನ್ನೂ ಬಹಳ ಹೊತ್ತಿನ ಮೇಲೆ ಅಪ್ಪನ ಹಳದಿ ಕೋಟು ಕಂಡಿತು. ಎಂಜಿನ್ ಕೆಮ್ಮುತ್ತಿರಲಿಲ್ಲ. ಸರಿಯಾಗಿಯೇ ಓಡುತ್ತಿತ್ತು.

ಅವಳು ಬಂದರಿಗೆ ಓಡಿದಳು. ದೋಣಿಯ ತಳದಲ್ಲಿ ಐದಾರು ಸ್ನೂಕ್ ಬಿದ್ದಿದ್ದವು. ಪೆಟ್ರೋಲ್ ಕ್ಯಾನುಗಳೆಲ್ಲ ಖಾಲಿಯಾಗಿ ಉರುಳಾಡುತ್ತಿದ್ದವು.

"ಅಪ್ಪಾ, ಇದು ನಮ್ಮ ಜಾಗದ್ದಾ?"

"ಹ್ಞೂಂ, ಮತ್ತಿನ್ನೆಲ್ಲಿದು" ಎಂದ ಅಪ್ಪ. ಅವಳ ಮುಖ ನೋಡಲಿಲ್ಲ. ಹಗ್ಗ ಕಟ್ಟುತ್ತಿದ್ದ, ಕಟ್ಟಿದ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟಿದ.

ಲೀಸೆಲ್‌ಗೆ ಅಳು ಬರುವಷ್ಟು ಕೋಪ ಬಂತು. ಇಡೀ ಊರಿಗೆ ಸುಳ್ಳು ಹೇಳಲಿ, ಯಾರು ಬೇಡ ಅಂದರು. ಅಂಗೈಗೆ ಉಗುಳಿ ಆಣೆ ಮಾಡಿದವಳಿಗೂ ಸುಳ್ಳೇ? ಮನೆಯ ತನಕ ಅವಳು ಅಪ್ಪನಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು.

ಊಟಕ್ಕೆ ಹುರಿದ ಸ್ನೂಕ್ ಮತ್ತು ಗೆಣಸು ಇತ್ತು. ಅಪ್ಪ ತನ್ನ ತಟ್ಟೆಯ ದೊಡ್ಡ ತುಂಡನ್ನು ಅವಳ ತಟ್ಟೆಗೆ ಸರಿಸಿದ. ದೋಣಿಯಲ್ಲೇ ಹೊಟ್ಟೆ ತುಂಬಾ ತಿಂದೆ ಎಂದ. ದಾರ ಎಳೆದೆಳೆದು ಅವನ ಬೆರಳುಗಳು ಬಿರಿದಿದ್ದವು. ಗೆಣಸು ಅಗಿಯುತ್ತಾ ಅಗಿಯುತ್ತಾ ಕೂತಲ್ಲೇ ಅವನ ಕಣ್ಣು ಮುಚ್ಚಿಕೊಂಡವು. ಬಾಯಿ ಇನ್ನೂ ಅಗಿಯುತ್ತಲೇ ಇತ್ತು.

ಆ ಪುಟ್ಟ ದೋಣಿಯಲ್ಲಿ, ಒಬ್ಬನೇ, ದಡ ಕಾಣದಷ್ಟು ದೂರ. ಲೀಸೆಲ್ ಆ ದೊಡ್ಡ ತುಂಡನ್ನು ಮೆಲ್ಲಗೆ ಅಪ್ಪನ ತಟ್ಟೆಗೇ ವಾಪಸ್ ಸರಿಸಿದಳು. ಅಜ್ಜನ ಜಾಗ ಖಾಲಿ ಅಂತ ಮಗಳಿಗೆ ಹೇಗೆ ಹೇಳುವುದು ಎಂದು ಅವನು ಎಷ್ಟು ದಿನದಿಂದ ಒದ್ದಾಡುತ್ತಿದ್ದನೋ. ಕೋಪ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಕೇಳಿಬಿಡಲೇ ಎಂದುಕೊಂಡಳು. ಆದರೆ ಅಮ್ಮ ಅಲ್ಲೇ ಇದ್ದಳು. ಅಮ್ಮನಿಗೆ ಗೊತ್ತಾದರೆ ಅಷ್ಟೇ, ನಿದ್ದೆಯೇ ಮಾಡುವುದಿಲ್ಲ.

ಅಮ್ಮ ಬೆನ್ನು ತಿರುಗಿಸಿ ನಿಂತು ನಾಳೆಯ ಬುತ್ತಿಗೆ ಬ್ರೆಡ್ ಕತ್ತರಿಸುತ್ತಿದ್ದಳು. ಕತ್ತರಿಸುತ್ತಲೇ ಇದ್ದಳು. ಲೀಸೆಲ್ ಎದ್ದು ಪಕ್ಕಕ್ಕೆ ಹೋಗಿ ನಿಂತಳು. ಬುತ್ತಿಯ ಡಬ್ಬ ಒಂದಲ್ಲ, ಎರಡು. ಚಹಾದ ಫ್ಲಾಸ್ಕೂ ಎರಡು. ಅಪ್ಪನ ಚೀಲದೊಳಗೆ ಆಗಲೇ ಒಂದು ಉಣ್ಣೆಯ ಅಂಗಿಯೂ ಬ್ಯಾಟರಿಯೂ ಇದ್ದವು.

"ಅಮ್ಮಾ, ನಮ್ಮ ಜಾಗ ಇಲ್ಲೇ ಹತ್ತಿರ ಅಲ್ವಾ? ಇಷ್ಟೊಂದು ಬ್ರೆಡ್ ಯಾಕೆ?"

ಚಾಕು ನಿಂತಿತು. ಅಮ್ಮ ಮೊದಲು ನಿದ್ದೆ ಹೋದ ಅಪ್ಪನನ್ನು ನೋಡಿದಳು, ಆಮೇಲೆ ಲೀಸೆಲ್‌ಳನ್ನು.

"ಸಮುದ್ರದ ಗಾಳಿಗೆ ಹಸಿವು ಜಾಸ್ತಿ" ಎಂದಳು ಮೆಲ್ಲಗೆ.

ಲೀಸೆಲ್ ಅಮ್ಮನ ಕಣ್ಣುಗಳನ್ನು ನೋಡಿದಳು. ಪಟ್ಟಿ ಕಟ್ಟಿದ ಕೈಯಿಂದ ಜಾಮಿನ ಬಾಟಲಿ ಹಿಡಿದುಕೊಂಡು, ಒಂದೊಂದು ತುಂಡಿಗೂ ಅಂಚಿನ ತನಕ ದಪ್ಪಗೆ ಜಾಮ್ ಹಚ್ಚತೊಡಗಿದಳು.