ಬೆನ್ನ ಮೇಲಿನ ಸಣ್ಣ ಗೆರೆ

"ಆಕಿನ್ನ ಕೈ ಹಿಡಿದು ಜಗ್ಗಬ್ಯಾಡ್ರಿ! ಬಿಡ್ರಿ ಮೊದಲ!"

ತಾಂಡೂರು ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಆ ಗಂಡುದನಿ ಕೇಳಿದಾಗ, ಮೋನಮ್ಮ ಬಶೀರಾಬಾದ್ ಬಸ್ಸಿನ ಮೆಟ್ಟಿಲ ಮೇಲೆ ಅರ್ಧ ಬಾಗಿದ ಹಾಗೇ ಕಲ್ಲಾಗಿ ನಿಂತಿದ್ದಳು. ತೊಗರಿ ಚೀಲ ಎತ್ತಿದ್ದೇ ತಡ, ಸೊಂಟದಲ್ಲಿ ಏನೋ ಛಟ್ ಎಂದಿತ್ತು. ಬೆಂಕಿಯ ಎಳೆಯೊಂದು ತೊಡೆಯ ಹಿಂದಿನಿಂದ ಎಡಗಾಲ ಹೆಬ್ಬೆರಳಿನವರೆಗೂ ಇಳಿದಿತ್ತು. ಒಂದು ಕಡೆ ಕಂಡಕ್ಟರ್, ಇನ್ನೊಂದು ಕಡೆ ಅವ್ವ ಮರೆಮ್ಮ ಅವಳನ್ನು ಎಳೆಯುತ್ತಿದ್ದರು.

"ನನ್ನ ಹೆಗಲ ಮ್ಯಾಲ ಭಾರ ಹಾಕ್ರಿ. ಸೊಂಟ ತಿರುವಬ್ಯಾಡ್ರಿ. ಹಂಗ… ಸಾವಕಾಶ."

ಪರ ಗಂಡಸಿನ ಹೆಗಲು! ಆದರೆ ಆ ನೋವಿನಲ್ಲಿ ನಾಚಿಕೆಗೆ ಜಾಗವಿರಲಿಲ್ಲ. ಅವನು ಅವಳನ್ನು ಬೆಂಚಿನ ಮೇಲೆ ಮಗ್ಗುಲಾಗಿ ಮಲಗಿಸಿದ, ಮೊಣಕಾಲು ಮಡಚಲು ಹೇಳಿದ. ಚೀಲವನ್ನು ಮಾತ್ರ ತಾನು ಮುಟ್ಟಲಿಲ್ಲ, ಹಮಾಲನನ್ನು ಕರೆದ.

"ನೋವು ಕಾಲಾಗ ಇಳದದೇನ್ರಿ?"

ಅವಳು ಬೆಚ್ಚಿದಳು. ಇವನಿಗೆ ಹೇಗೆ ಗೊತ್ತು…?

ಅವನ ಹೆಸರು ಶಿವರಾಯ. ತಾಂಡೂರಿನ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಕೆಲಸ. ಅವನ ಅಕ್ಕನನ್ನು ಕೊಟ್ಟಿದ್ದು ಬಶೀರಾಬಾದಿನಲ್ಲಿ, ಮೋನಮ್ಮನ ಓಣಿಗೇ.

ಮನೆಯಲ್ಲಿ ಗಾಳಿ ಆಡುವ ಕೋಣೆ ಒಂದೇ ಇತ್ತು. ಅಪ್ಪ ಕೊನೆಯವರೆಗೂ ಮಲಗಿದ್ದ ಕೋಣೆ. ಮೋನಮ್ಮನನ್ನು ಅಲ್ಲೇ ಮಲಗಿಸಿದರು.

ಕುರಿ ಕಾಯುತ್ತಿದ್ದ ಅಪ್ಪ ಬೀರಣ್ಣ, ಹಳ್ಳಕ್ಕೆ ಬಿದ್ದ ಟಗರನ್ನು ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡಿದ್ದ. ಪಟ್ಟಣದಲ್ಲಿ ಬೆನ್ನಿನ ಆಪರೇಷನ್ ಆಯಿತು. ಮರಳಿ ಬಂದವನು ಮತ್ತೆ ಏಳಲೇ ಇಲ್ಲ. ಓರಗೆಯವರೆಲ್ಲ ಮದುವೆಯಾಗಿ ಹೋದರೂ ಮೋನಮ್ಮ ಅವನ ಸೇವೆಗೆ ನಿಂತಳು. ಕಾಲಿನ ಅರಿವೇ ಇಲ್ಲದ ಅವನದು ದಿನಕ್ಕೆಷ್ಟು ಸಲವೋ ಒಂದೇ ಪ್ರಶ್ನೆ.

"ಮೋನಾ, ನನ್ನ ಕಾಲು ಚಾಚ್ಯಾವೋ, ಮಡಚ್ಯಾವೋ… ನೋಡವ್ವ."

"ಚಾಚ್ಯಾವಪ್ಪಾ."

ಅಪ್ಪ ತೀರಿಕೊಂಡು ಎರಡು ಬೇಸಿಗೆ ಕಳೆದಿದ್ದವು. ಆದರೂ ಒಂದು ಮಟಮಟ ಮಧ್ಯಾಹ್ನ, ಎಚ್ಚರವಾಗಿಯೇ ಇದ್ದ ಮೋನಮ್ಮನಿಗೆ ಆ ದನಿ ಕೇಳಿಸಿತು. ಗೋಡೆಯ ಕಡೆಯಿಂದ. ಅವಳ ಬಾಯಿ ತಾನಾಗಿ ಉತ್ತರಿಸಿಬಿಟ್ಟಿತು.

"ಚಾಚ್ಯಾವಪ್ಪಾ…"

ಪಡಸಾಲೆಯಲ್ಲಿ ಜೋಳ ಬೀಸುತ್ತಿದ್ದ ಅವ್ವನ ಕೈ ಗಕ್ಕನೆ ನಿಂತಿತು. ಅವ್ವ ಒಳಗೆ ಬರಲಿಲ್ಲ.

ಅಕ್ಕನ ಮನೆಯ ನೆಪ ಹೇಳಿಕೊಂಡು ಶಿವರಾಯ ಬರತೊಡಗಿದ.

"ಹೆದರಬ್ಯಾಡ್ರಿ. ಹತ್ತು ಮಂದ್ಯಾಗ ಎಂಟೊಂಬತ್ತು ಮಂದಿಗಿ ಇದು ಗುಳಿಗಿ, ಆರಾಮದಾಗೇ ವಾಸಿ ಆಗ್ತದ. ಹಂಗಂತ ಮಲಗೇ ಇರಬ್ಯಾಡ್ರಿ. ಎದ್ದು ಅಂಗಳದಾಗ ನಾಕ್ ಹೆಜ್ಜಿ ಹಾಕ್ರಿ."

"ನೀವೇನ್ ಡಾಕ್ಟರೇನ್ರಿ?" ಎಂದು ಅವಳು ನಕ್ಕಳು. ಆ ಕೋಣೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ! ಅವನು ಬಾರದ ದಿನ ಅವಳ ಕಿವಿ ಬಾಗಿಲಲ್ಲೇ ಇರುತ್ತಿತ್ತು.

ಒಂದು ಬೆಳಿಗ್ಗೆ ಅಂಗಳದಲ್ಲಿ ನಡೆಯುವಾಗ ಶಿವರಾಯ ಹಿಂದಿನಿಂದ ಮೆಲ್ಲನೆ ಕರೆದ.

"ಮೋನಾ… ಚಪ್ಪಲಿ."

ತಿರುಗಿ ನೋಡಿದಳು. ಎಡಗಾಲಿನ ಚಪ್ಪಲಿ ಆರು ಮಾರು ಹಿಂದೆ ಉಳಿದಿತ್ತು. ಬರಿಗಾಲಲ್ಲಿ ನಡೆದು ಬಂದಿದ್ದಳು. ಅವಳಿಗೆ ಗೊತ್ತೇ ಆಗಿರಲಿಲ್ಲ!

ತಾಂಡೂರಿನ ಡಾಕ್ಟರು ಪಾದ ಮೇಲೆತ್ತಲು ಹೇಳಿದರು. ಪಾದ ಏಳಲಿಲ್ಲ. "ಆಪರೇಷನ್ ಬೇಕಾಗುತ್ತದೆ. ಹೈದರಾಬಾದಿಗೆ ಹೋಗಿ. ತಡ ಮಾಡಬೇಡಿ" ಎಂದರು.

"ಮಾಡಿಸ್ಕೋ ಮೋನಾ," ಎಂದ ಶಿವರಾಯ.

"ನಮ್ಮಪ್ಪಗೂ ಹಿಂಗೇ ಅಂದಿದ್ರು. ಕೊಯ್ಸಿಕೊಂಡು ಬಂದಾವ ಎದ್ದನೇನು? ನೆಟ್ಟಗ ನಡಿಯೋ ಹೆಣ್ಣೇ ಬೇಕೇನು ನಿಮಗ? ಕುಂಟಿ ಆದ್ರ ಬ್ಯಾಡೇನು?"

ಅವನು ಎದ್ದು ಹೋಗಿಬಿಟ್ಟ.

ಒಂದು ವಾರವಾದರೂ ಅವನ ಸುಳಿವಿಲ್ಲ. 'ಹೋಗ್ಯಾನ… ಹೋಗ್ಲಿ!' ಎಂದುಕೊಂಡಳು. ಎದೆ ಒಪ್ಪಲಿಲ್ಲ. ಅಪ್ಪನ ದನಿಯೊಂದೇ ಮತ್ತೆ ಮತ್ತೆ ಬಂದು ಕೇಳಿತು. ಈಗ ಅವಳು ತನ್ನ ಕಾಲನ್ನೇ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಸಂತೆಯ ದಿನ ಅವನು ಬಂದ. ಅವ್ವನ ಎದುರಿಗೇ ಬೆನ್ನು ತಿರುಗಿಸಿ ಅಂಗಿ ಮೇಲೆತ್ತಿದ.

"ಏನಿದು ನಿನ್ನ ಹುಚ್ಚ!" ಎಂದಳು ಮರೆಮ್ಮ.

ಸೊಂಟದ ನಟ್ಟನಡುವೆ ಹೆಬ್ಬೆರಳಿಗಿಂತ ಚಿಕ್ಕದಾದ, ಮಾಸಿದ ಗೆರೆಯೊಂದಿತ್ತು.

"ಮೊದಲ ಗಣಿಯಾಗ ಕಲ್ಲು ಎತ್ತೋವಾಗ ನನಗ ಭಿ ಹಿಂಗೇ ಆಗಿತ್ತು. ಬೆನ್ನಿನ ಮಣಿ ನಡುವಿನ ಗಾದಿ ಜಾರಿ ನರದ ಮ್ಯಾಲ ಕುಂತಿತ್ತು. ಇಷ್ಟೇ ಕೊಯ್ದು ತಗದಾರ."

ಮೋನಮ್ಮನಿಗೆ ಮೊದಲು ಬಂದದ್ದು ಸಮಾಧಾನವಲ್ಲ, ಸಿಟ್ಟು!

"ನಾ ಇಲ್ಲಿ ಹೆದರಿ ಸಾಯಾಕತ್ತಿದ್ದೆ! ಇದನ್ನ ಅಂಗಿ ಒಳಗ ಮುಚ್ಚಿಕೊಂಡು ನನ್ನ ಎದುರ ಕುಂತಿದ್ರೇನು?"

"ಬೆನ್ನು ಕೊಯ್ಸಿಕೊಂಡಾವಗ ಹೆಣ್ಣು ಕೊಡಲ್ಲ ಅಂತ ಎರಡು ಸಂಬಂಧ ಮುರದಾವ. ನೀ ಭಿ ಹಂಗೇ ಅಂದ್ರ… ಅಂತ ಅಂಜಿದೆ. ತಪ್ಪಾತು ಮೋನಾ. ನೀ ನನ್ನ ಒಲ್ಲೆ ಅಂದ್ರೂ ನಡೀತದ. ಕಾಲು ಮಾತ್ರ ಕಳಕೋಬ್ಯಾಡ."

ಮರೆಮ್ಮ ಆ ಗೆರೆಯಿಂದ ಕಣ್ಣು ಕೀಳದೆ ಕೇಳಿದಳು. "ತಮ್ಮಾ… ಕೊಯ್ಯೋ ಮೊದಲ ನಿನ್ನ ಕಾಲಿಗಿ ಜೀವ ಇತ್ತೇನು? ಮೂತ್ರ ಬರ್ತಿತ್ತೇನು?"

"ಬರ್ತಿತ್ತವ್ವಾ. ಅದು ನಿಂತ್ರ, ಇಲ್ಲಾ ಕುಂಡ್ರೋ ಜಾಗ ಮುಟ್ಟಿದ್ರ ತಿಳೀದಂಗ ಆದ್ರ, ಅವತ್ತೇ ದವಾಖಾನಿಗಿ ಓಡಿ ಬರಬೇಕು ಅಂದಿದ್ರು."

ಮರೆಮ್ಮ ಮಗಳ ಕಡೆ ತಿರುಗಿ ಕುಳಿತಳು.

"ನಿಮ್ಮಪ್ಪಗ ನಿಂತಿತ್ತು ಮೋನಾ… ಕಾಲು ಮೊದಲೇ ಹೋಗಿದ್ವು. ನಾನೇ ತಿಕ್ಕೋರ್ನ ಕರೆಸಿದೆ, ಬರಿ ಹಾಕಿಸಿದೆ. ಸುಮ್ನ ದಿನ ಕಳದೆ. 'ಭಾಳ ತಡ ಆಗ್ಯಾದ, ಕಾಲು ಬರೋದು ಕಷ್ಟ' ಅಂತ ಡಾಕ್ಟರ್ ಮೊದಲೇ ಅಂದಿದ್ರು. ಕತ್ತರಿ ಕೆಡಿಸ್ತು ಅಂತ ಎಲ್ಲರಿಗೂ ಹೇಳಿದಾಕಿ ನಾ…"

ಮೋನಮ್ಮ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು. ಅತ್ತಳೋ ಇಲ್ಲವೋ ಯಾರಿಗೂ ಕಾಣಲಿಲ್ಲ. ಬಿಸಿಲು ಇಳಿದ ಮೇಲೆ ಎದ್ದು ಅವ್ವನ ಪಕ್ಕ ಕುಳಿತು, ಅವಳ ಸೆರಗಿನಿಂದಲೇ ಅವಳ ಕಣ್ಣು ಒರೆಸಿದಳು.

"ನಾಳೆ ಹೋಗೋಣು ಅವ್ವಾ."

ಹೈದರಾಬಾದಿನ ಡಾಕ್ಟರು ಉರ್ದುವಿನಲ್ಲಿ ನಿಧಾನವಾಗಿ ಹೇಳಿದರು. ಶಿವರಾಯ ಒಂದನ್ನೂ ಬಚ್ಚಿಡದೆ ಅವಳಿಗೆ ತಿಳಿಸಿದ.

"ದೊಡ್ಡ ದುರ್ಬೀನಿನಾಗ ನೋಡಿಕೋತ, ಹೊರಗ ಬಂದ ಗಾದಿ ತುಣುಕಷ್ಟೇ ತಗೀತಾರಂತ. ಕಾಲಿನ ಉರಿ ಲಗೂನ ಹೋಗ್ತದಂತ. ಪಾದಕ್ಕ ಬಲ ಬರಾಕ ತಿಂಗಳುಗಟ್ಟಲೆ ಬೇಕಂತ… ಪೂರಾ ಬರದೇ ಇರಬಹುದು ಭಿ ಅಂತ. ಕೀವು ಆಗಬಹುದು, ಗಾದಿ ಮತ್ತ ಜಾರಬಹುದು. ಆದ್ರ ಸುಮ್ನ ಬಿಟ್ಟರ ಪಾದ ಇನ್ನಾ ಸೋಲ್ತದಂತ."

"ನಿಮಗ ಪೂರಾ ಆರಾಮ ಆಗ್ಯಾದೇನು?"

"ಇಲ್ಲ. ಕಿರುಬೆರಳು ಇನ್ನಾ ಜೋಮು. ಭಾರ ಎತ್ತಂಗಿಲ್ಲ."

ಆಸೆ ತೋರಿಸಿ ಸುಳ್ಳು ಹೇಳದ ಆ ಮಾತೇ ಅವಳಿಗೆ ಧೈರ್ಯ ಕೊಟ್ಟಿತು.

ಸೂಜಿಮದ್ದಿನ ಮತ್ತು ಏರುವಾಗ ಅಪ್ಪನ ದನಿ ಬಂದೇ ಬಂತು. ಉತ್ತರ ಕೊಡುವಷ್ಟರಲ್ಲಿ ಕಣ್ಣು ಮುಚ್ಚಿತು…

ಎಚ್ಚರವಾದಾಗ ಬೆನ್ನು ನೋಯುತ್ತಿತ್ತು. ಆದರೆ ಕಾಲಿನ ಬೆಂಕಿ ಆರಿತ್ತು! ಮರುದಿನವೇ ನರ್ಸಮ್ಮ ಎಬ್ಬಿಸಿ ನಿಲ್ಲಿಸಿದಳು. ಪಾದ ಇನ್ನೂ ಸೋತೇ ಇತ್ತು, ನೆಲಕ್ಕೆ ಉಜ್ಜುತ್ತಿತ್ತು. ಆಸ್ಪತ್ರೆಯ ಉದ್ದ ಪಡಸಾಲೆಯಲ್ಲಿ ಶಿವರಾಯ ಅವಳ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದ.

"ನಿಮ್ಮವ್ವನ ಹತ್ರ ಕೇಳೀನಿ," ಎಂದ ಅವನು ನೆಲ ನೋಡುತ್ತ. "ನಿನ್ನ ಕೇಳು ಅಂದಾಳ."

ಮೋನಮ್ಮನ ಕೆನ್ನೆ ಬಿಸಿಯಾಯಿತು. "ಮದಿವಿ ಆದ ಮ್ಯಾಲ ನಾ ನೀರಿನ ಕೊಡ ಹೊರಂಗಿಲ್ಲ. ಡಾಕ್ಟರ್ ಬ್ಯಾಡ ಅಂದಾರ."

"ನಾ ಭಿ ಹೊರಂಗಿಲ್ಲ."

"ಮತ್ತ ಮನಿಗಿ ನೀರು?"

"ಇಬ್ಬರೂ ಸಣ್ಣ ಸಣ್ಣ ತಂಬಿಗಿ ಹಿಡಕೊಂಡು ಹೋಗೋಣು."

"ದಿನಾ ಪೂರ್ತಿ ಬಾವಿಗಿ ತಿರುಗೋದೇ ಆಗ್ತದ! ಮಂದಿ ನಗ್ತಾರ."

"ನಗ್ಲಿ ಬಿಡು… ದಾರಿ ಉದ್ದಕ್ಕೂ ನಿನ್ನ ಜೋಡಿ ಮಾತಾಡಾಕ ಸಿಗ್ತದಲ್ಲ!"